ಒಂದು ಗ್ರಾಂ ಪ್ರೋಟೀನ್‌ಗೆ ಎಷ್ಟು ರೂಪಾಯಿ?

ಇಡ್ಲಿ ಹಿಟ್ಟಿಗೂ ಪ್ರೋಟೀನ್ ಬಂದಾಯಿತು. 2024ರ ಡಿಸೆಂಬರ್‌ನಲ್ಲಿ ನಂದಿನಿ ಇಡ್ಲಿ–ದೋಸೆ ಹಿಟ್ಟು ಬೆಂಗಳೂರಿನ ಮಾರುಕಟ್ಟೆಗೆ ಬಂದಾಗ, ಅದರಲ್ಲಿ ವೇ ಪ್ರೋಟೀನ್ ಸೇರಿಸಲಾಗಿದೆ ಎನ್ನುವುದೇ ದೊಡ್ಡ ಸುದ್ದಿಯಾಗಿತ್ತು. ಮರುವರ್ಷ ಮೆಕ್‌ಡೊನಾಲ್ಡ್ಸ್ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಜೊತೆ ಸೇರಿ ಬರ್ಗರ್‌ನೊಳಗೆ ಇಡುವ ಪ್ರೋಟೀನ್ ಸ್ಲೈಸ್ ತಂದಿತು. ಅಮುಲ್ ಮಜ್ಜಿಗೆ, ಲಸ್ಸಿಯಲ್ಲೂ ‘ಹೈ ಪ್ರೋಟೀನ್’ ಬಂದಿದೆ. ಮೊದಲು ಜಿಮ್‌ನವರ ಬ್ಯಾಗಿನಲ್ಲಷ್ಟೇ ಇರುತ್ತಿದ್ದ ಪೌಡರ್ ಡಬ್ಬ ಈಗ ಹಾಸ್ಟೆಲ್ ರೂಮುಗಳಲ್ಲಿ ಥರ್ಮೋಡೈನಮಿಕ್ಸ್ ಪುಸ್ತಕದ ಪಕ್ಕ ಕೂತಿದೆ.

ಇದೆಲ್ಲ ಬರೀ ಶೋಕಿ ಎಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರುವುದಿಲ್ಲ. ಪ್ರೋಟೀನ್ ಬಗ್ಗೆ ಹೇಳುವ ಮಾತುಗಳಲ್ಲಿ ನಿಜ ಸಾಕಷ್ಟಿದೆ. ತಿಂದ ಪ್ರೋಟೀನ್‌ನಲ್ಲಿರುವ ಶಕ್ತಿಯ ಶೇ 20ರಿಂದ 30ರಷ್ಟು ಅದನ್ನು ಜೀರ್ಣಿಸಿಕೊಳ್ಳುವುದಕ್ಕೇ ಖರ್ಚಾಗುತ್ತದೆ. ಅನ್ನ, ಸಕ್ಕರೆಯಂಥ ಕಾರ್ಬೋಹೈಡ್ರೇಟ್‌ಗಾದರೆ ಇದು ಶೇ 5ರಿಂದ 10 ಮಾತ್ರ. ಹೊಟ್ಟೆ ತುಂಬಿದ ಭಾವನೆಯೂ ಹೆಚ್ಚು ಹೊತ್ತು ಉಳಿಯುತ್ತದೆ. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸಾಕಷ್ಟು ಪ್ರೋಟೀನ್ ಮತ್ತು ವ್ಯಾಯಾಮ ಇದ್ದರೆ ಆ ನಷ್ಟ ಕಡಿಮೆ. ಇಷ್ಟೂ ಲಾಭ ಪ್ರೋಟೀನ್‌ನದ್ದು. ಅದು ಡಬ್ಬದಿಂದ ಬಂತೋ ಬೇಳೆಯಿಂದ ಬಂತೋ ಎನ್ನುವುದರಿಂದ ದೊಡ್ಡ ವ್ಯತ್ಯಾಸವೇನೂ ಆಗದು. ಜಾಹೀರಾತು ಮುಚ್ಚಿಡುವುದು ಇದೊಂದನ್ನೇ.

ತೂಕ ಇಳಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಒಂದು ಸ್ಕೂಪ್ ಪೌಡರ್‌ನಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಮೂರು ಹೊತ್ತಿನ ಊಟ ಹಾಗೇ ಇಟ್ಟುಕೊಂಡು ಅದರ ಮೇಲೆ ಶೇಕ್ ಕುಡಿದರೆ ತೂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅಂಗಡಿಯಲ್ಲಿ ಅದೇ ಸಾಲಿನಲ್ಲಿಟ್ಟಿರುವ ‘ಮಾಸ್ ಗೇನರ್’ ಡಬ್ಬಗಳಲ್ಲಂತೂ ಬಹುಪಾಲು ಇರುವುದು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ತಯಾರಿಸಿದ ಪುಡಿ. ಹೊರಗಿನ ಚಿತ್ರ ಮಾತ್ರ ಎರಡಕ್ಕೂ ಒಂದೇ: ಬನಿಯನ್ ಇಲ್ಲದ ಒಬ್ಬ ಗಟ್ಟಿಗ.

ಹಾಗಾದರೆ ದಿನಕ್ಕೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. 60 ಕಿಲೋ ಇರುವವರಿಗೆ 50 ಗ್ರಾಂ ಆಯಿತು. ಭಾರ ಎತ್ತುವ ವ್ಯಾಯಾಮ ಮಾಡುವವರಿಗೂ ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳವಣಿಗೆಯಲ್ಲಿ ಹೆಚ್ಚಿನ ಲಾಭವಿಲ್ಲ ಎಂದು ಅದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಹೇಳುತ್ತದೆ. ಮೈಕಟ್ಟು ಬೆಳೆಸಲು ಪ್ರೋಟೀನ್ ಸಪ್ಲಿಮೆಂಟ್ ಬೇಡ ಎಂದೇ ಅದು ಸಲಹೆ ಕೊಟ್ಟಿತು. ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಮೂಳೆ ಮತ್ತು ಮೂತ್ರಪಿಂಡಕ್ಕೆ ತೊಂದರೆಯಾಗಬಹುದು ಎಂಬ ಎಚ್ಚರಿಕೆಯೂ ಅದರಲ್ಲಿದೆ. ಕಿಡ್ನಿ ಸಮಸ್ಯೆ ಇರುವವರು ವೈದ್ಯರನ್ನು ಕೇಳದೆ ಡಬ್ಬ ಮುಟ್ಟಲೇಬಾರದು.

ನನಗೆ ಇದರಲ್ಲಿ ಆರೋಗ್ಯದ ಲೆಕ್ಕದಷ್ಟೇ ದುಡ್ಡಿನ ಲೆಕ್ಕವೂ ಮುಖ್ಯ ಅನ್ನಿಸಿತು. ಎಂಜಿನಿಯರಿಂಗ್ ಓದುವವರ ಚಟ, ಎಲ್ಲವನ್ನೂ ಒಂದು ಯೂನಿಟ್‌ಗೆ ಇಳಿಸುವುದು. ಒಂದು ಕಿಲೋ ವೇ ಪ್ರೋಟೀನ್ ಡಬ್ಬಕ್ಕೆ 2,500 ರೂಪಾಯಿ ಎಂದಿಟ್ಟುಕೊಳ್ಳಿ. 30 ಗ್ರಾಂನಂತೆ 33 ಸ್ಕೂಪ್, ಒಂದೊಂದರಲ್ಲಿ 24 ಗ್ರಾಂ ಪ್ರೋಟೀನ್. ಗ್ರಾಂಗೆ ಮೂರು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ. ಏಳು ರೂಪಾಯಿಯ ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ಗ್ರಾಂಗೆ ಒಂದು ರೂಪಾಯಿ ಇಪ್ಪತ್ತು ಪೈಸೆ. ಹಾಲು ಒಂದೂವರೆ ರೂಪಾಯಿ ಆಸುಪಾಸು. ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್, ಮೀಲ್ ಮೇಕರ್ ಎಂದು ಕರೆಯುವ ಸೋಯಾ ಚಂಕ್ಸ್‌ನಲ್ಲಿ 52 ಗ್ರಾಂ. ಇವೆರಡೂ ಗ್ರಾಂಗೆ ಐವತ್ತು–ಅರವತ್ತು ಪೈಸೆಗೆ ಸಿಗುತ್ತವೆ. ಕಡಲೆಕಾಯಿ ಬೀಜದ ಬೆಲೆಯೂ ಅಷ್ಟೇ, ಆದರೆ ಅದರ ಜೊತೆ ಎಣ್ಣೆ ಅಂಶವೂ ಬರುವುದರಿಂದ ತೂಕ ಇಳಿಸುವವರು ಮುಷ್ಟಿಗಟ್ಟಲೆ ತಿನ್ನುವ ಹಾಗಿಲ್ಲ. ಊರೂರಿಗೆ ಬೆಲೆ ಹೆಚ್ಚು ಕಡಿಮೆ ಆಗಬಹುದು. ಆದರೂ ಡಬ್ಬ ಸುಮಾರು ಎರಡು ಪಟ್ಟಿನಿಂದ ಆರು ಪಟ್ಟು ದುಬಾರಿ ಎನ್ನುವುದು ಬದಲಾಗದು.

ಬೇಳೆಯ ಪ್ರೋಟೀನ್ ‘ಅಪೂರ್ಣ’ ಎಂದು ಜಿಮ್‌ನಲ್ಲಿ ಹೇಳುತ್ತಾರೆ. ಇದು ಅರ್ಧ ನಿಜ. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಅನ್ನಕ್ಕೆ ಹುಳಿ ಕಲಸಿಕೊಂಡ ಕೂಡಲೇ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಆದರೆ ಹುಳಿಯಲ್ಲಿ ಬೇಳೆ ಇರಬೇಕಷ್ಟೆ. ಹಾಸ್ಟೆಲ್ ಮೆಸ್‌ನ ಸಾರಿನಲ್ಲಿ ಬೇಳೆ ಹುಡುಕಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ದುಬಾರಿಯಾದರೂ ಡಬ್ಬದಲ್ಲಿ ಬರೆದಷ್ಟು ಇದೆಯಾ? 2024ರಲ್ಲಿ ಕೇರಳದ ವೈದ್ಯ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ತಂಡ ನಮ್ಮ ದೇಶದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪೌಡರ್‌ಗಳನ್ನು ಪರೀಕ್ಷೆಗೆ ಒಳಪಡಿಸಿತು. ‘ಮೆಡಿಸಿನ್’ ಜರ್ನಲ್‌ನಲ್ಲಿ ಪ್ರಕಟವಾದ ಫಲಿತಾಂಶದಂತೆ ಸುಮಾರು ಶೇ 70ರಷ್ಟರ ಲೇಬಲ್‌ನಲ್ಲಿ ಪ್ರೋಟೀನ್ ಮಾಹಿತಿ ಸರಿ ಇರಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧ ಮಾತ್ರ ಇತ್ತು. ಶೇ 14ರಷ್ಟರಲ್ಲಿ ಶಿಲೀಂಧ್ರದಿಂದ ಬರುವ ಅಫ್ಲಾಟಾಕ್ಸಿನ್ ವಿಷ, ಶೇ 8ರಷ್ಟರಲ್ಲಿ ಕೀಟನಾಶಕದ ಅಂಶ ಸಿಕ್ಕಿತು.

ಲೇಬಲ್ ಸುಳ್ಳು ಹೇಳಲು ದಾರಿ ಮಾಡಿಕೊಡುವುದು ಅಳತೆಯ ವಿಧಾನವೇ. ಕೆಲ್ಡಾಲ್ ಎಂಬ ಹಳೆಯ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಅದು ಪ್ರೋಟೀನ್ ಅನ್ನು ನೇರವಾಗಿ ಅಳೆಯುವುದಿಲ್ಲ. ಮಾದರಿಯಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತದೆ. ಸಾರಜನಕ ಎಲ್ಲಿಂದ ಬಂತು ಎಂದು ಅದು ಕೇಳುವುದಿಲ್ಲ. ಹಾಗಾಗಿ ಅಗ್ಗದ ಗ್ಲೈಸಿನ್, ಟೌರಿನ್ ಬೆರೆಸಿದರೂ ಕಾಗದದ ಮೇಲೆ ‘ಪ್ರೋಟೀನ್’ ಏರುತ್ತದೆ. ಇದರ ಘೋರ ರೂಪವನ್ನು ಜಗತ್ತು 2008ರಲ್ಲಿ ಚೀನಾದಲ್ಲಿ ನೋಡಿದೆ. ನೀರು ಬೆರೆಸಿದ ಹಾಲಿಗೆ ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಸೇರಿಸಿ ಪರೀಕ್ಷೆ ಪಾಸು ಮಾಡಿಸಿದ್ದರು. ಆರು ಶಿಶುಗಳು ಸತ್ತವು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಮೊಟ್ಟೆಗೆ ಈ ಆಟ ಆಡಲು ಬರುವುದಿಲ್ಲ.

ಇಷ್ಟಾದರೂ ಪೌಡರ್ ಯಾರಿಗೂ ಬೇಡ ಎಂದು ನಾನು ಹೇಳಲಾರೆ. ಮೊಟ್ಟೆ–ಮಾಂಸ ತಿನ್ನದ, ದಿನಾ ಬೆವರು ಹರಿಸುವ, ದುಡ್ಡಿನ ಚಿಂತೆ ಇಲ್ಲದ ಹುಡುಗ ಪರೀಕ್ಷಾ ವರದಿ ನೋಡಿ ಒಳ್ಳೆಯ ಡಬ್ಬ ಕೊಂಡರೆ ನಷ್ಟವಿಲ್ಲ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಊಟ ಸೇರದ ವಯಸ್ಸಾದವರಿಗೆ ವೈದ್ಯರೇ ಬರೆದುಕೊಡುವುದುಂಟು. ನನಗೆ ಸಂಕಟವಾಗುವುದು ಬೇರೆಯವರನ್ನು ನೋಡಿ. ನಮ್ಮ ಊರಿನ ಮೈದಾನದಲ್ಲಿ ಬೆಳಿಗ್ಗೆ ಐದಕ್ಕೇ ಓಡುವ ಹುಡುಗರಿದ್ದಾರೆ. ಕೆಲವರು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ, ಕೆಲವರು ಅಗ್ನಿವೀರ್ ರ‍್ಯಾಲಿಗೆ ತಯಾರಾಗುತ್ತಿರುವವರು. ಓಟದ ಸಮಯ ಇಳಿಯಬೇಕು, ಎದೆಯ ಸುತ್ತಳತೆ ಏರಬೇಕು. ಯಾರೋ ಹೇಳಿದ ಮಾತು ನಂಬಿ, ಕೂಲಿಗೆ ಹೋದ ದುಡ್ಡಿನಲ್ಲಿ ಅಥವಾ ಮನೆಯಿಂದ ಪುಸ್ತಕಕ್ಕೆಂದು ತಂದದ್ದರಲ್ಲಿ ಡಬ್ಬ ಕೊಳ್ಳುತ್ತಾರೆ. ಪೂರ್ತಿ ದುಡ್ಡಿಲ್ಲದಿದ್ದರೆ ಬಿಡಿಯಾಗಿ, ಪ್ಲಾಸ್ಟಿಕ್ ಕವರ್‌ನಲ್ಲಿ ತೂಗಿಸಿಕೊಳ್ಳುತ್ತಾರೆ. ಆ ಕವರ್ ಮೇಲೆ ಲೇಬಲ್ಲೇ ಇರುವುದಿಲ್ಲ. ಅದೇ 2,500 ರೂಪಾಯಿಗೆ ದಿನಕ್ಕೆ ನಾಲ್ಕು ಮೊಟ್ಟೆಯಂತೆ ಸುಮಾರು ಮೂರು ತಿಂಗಳು ತಿನ್ನಬಹುದು.

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಲ್ಲಿ ಮೊಟ್ಟೆಯನ್ನು ವಾರಕ್ಕೆ ಆರು ದಿನಕ್ಕೆ ಏರಿಸಲಾಯಿತು. ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಕೊಡಲಾಗುತ್ತಿತ್ತು. ಅದೇ ಮಗು ಕಾಲೇಜಿಗೆ ಬಂದು ಹಾಸ್ಟೆಲ್ ಸೇರಿದರೆ, ಮೈ ಬೆಳೆಯುವ ಅದೇ ವಯಸ್ಸಿನಲ್ಲಿ, ತಟ್ಟೆಯಲ್ಲಿ ಅನ್ನದ ಗುಡ್ಡ ಮತ್ತು ತಿಳಿ ಸಾರು. ಆ ಖಾಲಿ ಜಾಗಕ್ಕೇ ಡಬ್ಬದ ಕಂಪನಿಗಳು ಬಂದಿರುವುದು. ಮೆಸ್ ಮೆನು ಬಗ್ಗೆ ಗಲಾಟೆ ಮಾಡುವುದಕ್ಕಿಂತ ಆನ್‌ಲೈನ್‌ನಲ್ಲಿ ಆಫರ್ ಹುಡುಕುವುದು ನಮಗೆ ಸುಲಭವಾಗಿದೆ.

ನಾವು ಒಂದಷ್ಟು ಜನ ಸೇರಿ ನಮ್ಮ ಮೆಸ್ ಸಮಿತಿಗೆ ಒಂದು ಹಾಳೆಯ ಲೆಕ್ಕ ಕೊಟ್ಟಿದ್ದೇವೆ. ದಿನಕ್ಕೊಂದು ಮೊಟ್ಟೆ, ಬೇಡದವರಿಗೆ ಬೇಯಿಸಿದ ಕಡಲೆಕಾಳು, ವಾರಕ್ಕೆರಡು ದಿನ ಮೀಲ್ ಮೇಕರ್ ಪಲ್ಯ, ಸಾರಿಗೆ ಈಗಿನದ್ದರ ಒಂದೂವರೆ ಪಟ್ಟು ಬೇಳೆ. ಮೊಟ್ಟೆಗೆ ಒಬ್ಬರಿಗೆ ತಿಂಗಳಿಗೆ 210 ರೂಪಾಯಿ ಬರುತ್ತದೆ. ಮೆಸ್ ಬಿಲ್ ಏರಿದರೆ ಮನೆಯವರು ಒಪ್ಪುವುದಿಲ್ಲ ಎಂದು ವಾರ್ಡನ್ ಹೇಳಿದ್ದಾರೆ. ಹಾಗಾಗಿ ಈ ವಾರ ರೂಮು ರೂಮಿಗೆ ಹೋಗಿ ಯಾರು ಯಾರು ಡಬ್ಬಕ್ಕೆ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಿದ್ದಾರೆ ಎಂದು ಬರೆದುಕೊಳ್ಳುತ್ತಿದ್ದೇವೆ.