ಆಟ ಕಲಿಸಲು ಬಂದವರು

ಆಟವಾಡಿಸುತ್ತ ಇಂಗ್ಲಿಷ್ ಕಲಿಸುವುದು ಹೇಗೆಂದು ನಮಗೆ ತಿಳಿಸಿಕೊಡಲು ಹೊರದೇಶದ ಸ್ವಯಂಸೇವಕರು ಆಗಾಗ ನಮ್ಮ ಊರುಗಳಿಗೆ ಬರುತ್ತಾರೆ. ಬರಲಿ, ಬೇಡವೆಂದವರು ಯಾರು? ನನ್ನ ತಕರಾರು ಅವರು ಬರುವುದಕ್ಕಲ್ಲ, ಬಂದವರನ್ನು ತಕ್ಷಣ ಗುರುಪೀಠದಲ್ಲಿ ಕೂರಿಸುವ ನಮ್ಮವರ ಬಗ್ಗೆ.

ನಾನು ಹೋಗಿದ್ದ ಮೂರು ದಿನಗಳ ಕಾರ್ಯಾಗಾರವನ್ನೇ ನೋಡಿ. ನಾವು ನಲವತ್ತು ಮಂದಿ ಶಿಕ್ಷಕಿಯರು. ಮೊಮ್ಮಕ್ಕಳನ್ನು ಕಂಡವರೂ ಇದ್ದರು. ಮುಂದೆ ನಿಂತವರು ಇಪ್ಪತ್ತೆರಡು ದಾಟದ ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಒಳ್ಳೆಯ ಮಕ್ಕಳೇ. ಬಣ್ಣದ ಚೆಂಡು ಎಸೆದು ಒಬ್ಬರ ಹೆಸರನ್ನು ಇನ್ನೊಬ್ಬರಿಂದ ಕೇಳಿಸಿದರು, 'ಸೈಮನ್ ಸೇಸ್' ಎಂದು ಕುಣಿಸಿದರು. ಮಂಡಿನೋವಿನ ಸಹೋದ್ಯೋಗಿಯೊಬ್ಬರು ಗೋಡೆ ಹಿಡಿದುಕೊಂಡೇ ಕುಪ್ಪಳಿಸಿದರು. ಕೋಣೆಯೊಳಗೆ ಕನ್ನಡ ಆಡಕೂಡದೆಂದು ಕಟ್ಟಪ್ಪಣೆ. ಅದು ಆ ಮಕ್ಕಳದಲ್ಲ, ಸಂಘಟಕರದು. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಒಂದು ಪ್ರಶ್ನೆ ಮಾತ್ರ ಮೂರು ದಿನದಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ನನ್ನ ಎಂಟನೆಯ ತರಗತಿಯಲ್ಲಿ 58 ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆ 35 ಮಕ್ಕಳಿಗೊಬ್ಬ ಶಿಕ್ಷಕರು ಎನ್ನುತ್ತದೆ, ಅದಿರಲಿ. ಬೆಂಚು ಸರಿಸಲು ಜಾಗವಿಲ್ಲ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಂದು ಚೆಂಡು 58 ಕೈ ಸುತ್ತುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಪ್ರತಿ ಮಗುವೂ ಆಡಿದ್ದು ಒಂದೇ ವಾಕ್ಯ, ಅದೂ ತನ್ನ ಹೆಸರು!

ಇನ್ನು ಅರ್ಹತೆಯ ಮಾತು. ಪಾಠ ಹೇಳಲು ನನಗೆ ಬಿ.ಎ., ಬಿ.ಎಡ್. ಬೇಕಾಯಿತು. ಇಂಗ್ಲಿಷ್ ಕಲಿಸಲು ದೇಶಾಂತರ ಹೋಗುವವರು ಮಾಡುವ ಹೆಸರುವಾಸಿ ಕೋರ್ಸು ಸೆಲ್ಟಾ. ಪೂರ್ಣಾವಧಿಯದಾದರೆ ಸುಮಾರು ನಾಲ್ಕು ವಾರ. ನಮ್ಮ ಅತಿಥಿಗಳು ಅದನ್ನೂ ಮಾಡಿರಲಿಲ್ಲ. ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದರು, ಪಾಪ. ಇಂಗ್ಲಿಷ್ ಅವರ ತಾಯಿನುಡಿ, ಅಷ್ಟೇ ಅರ್ಹತೆ. ಇದೇ ಹುಡುಗಿ ತನ್ನೂರಿನ ಶಾಲೆಗೆ ಹೋಗಿ, ಮೂವತ್ತು ವರ್ಷ ಪಾಠ ಮಾಡಿದವರಿಗೆ ಪಾಠ ಮಾಡುವ ರೀತಿ ಹೇಳಿಕೊಡುತ್ತೇನೆಂದರೆ ಅಲ್ಲಿಯವರು ಒಪ್ಪಿಯಾರೇ?

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸವೆದದ್ದೇ ಆದರೂ ಇಲ್ಲಿ ಬಳಸದೆ ವಿಧಿಯಿಲ್ಲ. ಆಡುತ್ತ ಕಲಿಯುವ 'ನಲಿ-ಕಲಿ' 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿತು. ಅದಕ್ಕೂ ಮುಂಚೆ, 1979ರಲ್ಲಿ, ಎನ್. ಎಸ್. ಪ್ರಭು ಬೆಂಗಳೂರಿನಲ್ಲಿ ತಮ್ಮ ಪ್ರಯೋಗ ಆರಂಭಿಸಿದರು. ವ್ಯಾಕರಣ ಬಾಯಿಪಾಠ ಮಾಡಿಸದೆ, ರೈಲಿನ ವೇಳಾಪಟ್ಟಿ, ನಕ್ಷೆ ಮುಂದಿಟ್ಟು, ಸಮಸ್ಯೆ ಬಿಡಿಸುತ್ತ ಬಿಡಿಸುತ್ತಲೇ ಮಕ್ಕಳು ಇಂಗ್ಲಿಷ್ ಕಲಿಯುವ ಕ್ರಮ ಅದು. ಗುಂಪು ಗುಂಪಾಗಿ ಕೂರಿಸುವ ಗೊಡವೆಯೂ ಇಲ್ಲ; ನಮ್ಮಂಥ ತುಂಬಿದ ತರಗತಿಗೆ ಹೇಳಿ ಮಾಡಿಸಿದ್ದು. 1987ರಲ್ಲಿ ಅದು ಪುಸ್ತಕವಾಗಿ ಬಂದು ಪರದೇಶದ ಭಾಷಾಶಿಕ್ಷಕರೆಲ್ಲ ಓದಿದರು. ಬೆಂಗಳೂರಿನ ಹೆಸರಿನಲ್ಲೇ ಜಗತ್ತು ಬಲ್ಲ ಆ ಪ್ರಯೋಗದ ಬಗ್ಗೆ ಬೆಂಗಳೂರಿನ ರಾಜ್ಯದ ಶಿಕ್ಷಕಿಯರಿಗೆ ಆ ಮೂರು ದಿನದಲ್ಲಿ ಒಂದು ಮಾತೂ ಇಲ್ಲ.

ಆಟ ಬೇಡವೆನ್ನುತ್ತಿಲ್ಲ. ಅವರು ಹೇಳಿಕೊಟ್ಟ, ಬಚ್ಚಿಟ್ಟ ಚಿತ್ರವನ್ನು ಪ್ರಶ್ನೆ ಕೇಳಿ ಕೇಳಿ ಪತ್ತೆಹಚ್ಚುವ ಆಟವನ್ನು ಈಗಲೂ ಆಡಿಸುತ್ತೇನೆ. ನಿಯಮ ಹೇಳುವುದು ಕನ್ನಡದಲ್ಲಿ. ಇಲ್ಲವಾದರೆ ಅರ್ಧ ತರಗತಿಗೆ ಆಟವೇ ತಿಳಿಯುವುದಿಲ್ಲ.

ನಮ್ಮ ಕೊರತೆ ಬೇರೆಯೇ ಇದೆ. ನಮ್ಮಲ್ಲಿ ಎಷ್ಟೋ ಜನರಿಗೆ ವ್ಯಾಕರಣ ಬರುತ್ತದೆ, ಮಾತು ಬಾಯಿಗೆ ಬರುವುದಿಲ್ಲ. ನಮ್ಮ ಜೊತೆ ಇಂಗ್ಲಿಷಿನಲ್ಲಿ ಹರಟುವವರೇ ಇಲ್ಲವಲ್ಲ! ಆ ಹುಡುಗಿಯರು ಚೆಂಡು ಪಕ್ಕಕ್ಕಿಟ್ಟು ಮಳೆ, ಬೆಲೆಯೇರಿಕೆ, ಸೊಸೆ, ಸೊಪ್ಪಿನ ಸಾರು ಎಂದು ನಮ್ಮೊಡನೆ ಸುಮ್ಮನೆ ಹರಟಿದ್ದರೆ ಎಷ್ಟು ಉಪಕಾರವಾಗುತ್ತಿತ್ತು. ಅದು ಅವರಿಗೆ ನಿಜವಾಗಿ ಬರುವ ವಿದ್ಯೆ. ಊಟದ ಬಿಡುವಿನಲ್ಲಿ ಹಾಗೆ ಹತ್ತು ನಿಮಿಷ ಮಾತಾಡಿದ್ದಕ್ಕೇ ನನ್ನ ಪಕ್ಕದವರ ಮುಖ ಅರಳಿತ್ತು. ಅಷ್ಟರಲ್ಲಿ ಸಂಘಟಕರು ಸೀಟಿ ಊದಿದರು.

ಮುಂದಿನ ಸುತ್ತೋಲೆ ಬಂದಾಗ ನಾನು ಬರೆದು ಕೇಳುವುದು ಇಷ್ಟೇ: ಮೊದಲ ದಿನ ಅತಿಥಿಗಳನ್ನು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿ. ಉಳಿದೆರಡು ದಿನ ಏನು ಮಾಡಬೇಕೆಂದು ಅವರಿಗೇ ಹೊಳೆದೀತು.