ಹರಕೆ ತೀರಿದ ಮೇಲಿನ ಬಾಕಿ

ಮಕ್ಕಳಿಲ್ಲದ ದಂಪತಿಗೆ ರಾಯದುರ್ಗದ ಸೀಮೆಯಲ್ಲಿ ಸಲಹೆಗೆ ಬರವಿಲ್ಲ. ಶ್ರಾವಣದ ಶನಿವಾರ ಕಸಾಪುರ, ಮುರಡಿ, ನೇಮಕಲ್ಲು, ಮೂರೂ ಕಡೆಯ ಆಂಜನೇಯನನ್ನು ಒಂದೇ ದಿನದಲ್ಲಿ ನೋಡಿ ಬಂದರೆ ಅಂದುಕೊಂಡದ್ದು ಆಗುತ್ತದೆ ಎನ್ನುವವರುಂಟು. ಮಡಕಶಿರಾದ ಕಡೆ ಹೋದರೆ ಹೇಮಾವತಿಯ ಸಿದ್ದೇಶ್ವರನ ಹೆಸರು ಬರುತ್ತದೆ. ಪೆನುಕೊಂಡದ ಬಾಬಯ್ಯನ ದರ್ಗಾಕ್ಕೆ ಹಿಂದೂಗಳೂ ಹೋಗುತ್ತಾರೆ. ಅರಳಿಕಟ್ಟೆ ಸುತ್ತುವುದು, ನಾಗರಕಲ್ಲು ನಿಲ್ಲಿಸುವುದು, ಗುಡಿಯ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುವುದು ಕನ್ನಡದವರು, ತೆಲುಗಿನವರು ಎಂಬ ಭೇದವಿಲ್ಲದೆ ಗಡಿಯ ಎರಡೂ ಕಡೆ ನಡೆದುಬಂದಿವೆ. ಆದರೆ ಈ ಹರಕೆಗಳೆಲ್ಲ ಹೊಟ್ಟೆಯಲ್ಲಿ ಹುಟ್ಟಬೇಕಾದ ಮಗುವಿಗಾಗಿ ಹೊತ್ತಂಥವು. ದಂಪತಿ ದತ್ತು ತೆಗೆದುಕೊಳ್ಳುತ್ತೇವೆ ಎಂದ ದಿನ ಸಲಹೆ ಕೊಡುತ್ತಿದ್ದವರು ಸುಮ್ಮನಾಗುತ್ತಾರೆ. ಬೇರೆಲ್ಲೋ ಆಗಲೇ ಹುಟ್ಟಿರುವ, ಇಲ್ಲವೇ ಹುಟ್ಟಲಿರುವ ಮಗುವಿಗಾಗಿ ದೇವರ ಮುಂದೆ ಏನೆಂದು ಕೇಳಿಕೊಳ್ಳಬೇಕು? ಮಗು ಬಂದ ಮೇಲೆ ಯಾರಿಗೆ ಕೈ ಮುಗಿಯಬೇಕು? ಈ ಪ್ರಶ್ನೆಗೆ ನಮ್ಮ ಭಕ್ತಿಯ ರೂಢಿಯಲ್ಲಿ ಸಿದ್ಧ ಉತ್ತರವಿಲ್ಲ. ದತ್ತಿನ ದಾರಿಯಲ್ಲಿ ಪ್ರಾರ್ಥನೆ ಬೇಡಿಕೆಯಾಗಿ ಬಹಳ ದೂರ ಸಾಗದು, ಕೃತಜ್ಞತೆಯಾಗಿ ಸಾಗಬಲ್ಲದು ಎಂಬುದು ನನ್ನ ವಾದ. ಅದಕ್ಕೊಂದು ಷರತ್ತಿದೆ: ಆ ಕೃತಜ್ಞತೆಯ ಭಾರ ಪೂರ್ತಿ ಸಾಕುವವರ ಮೇಲೆ ಇರಬೇಕು, ಮಗುವಿನ ಮೇಲೆ ಒಂದಿಷ್ಟೂ ಬೀಳಬಾರದು.

ದಾರಿ ಎಷ್ಟು ಕಷ್ಟದ್ದೆಂದು ಮೊದಲು ನೋಡಬೇಕು. 2015ರ ಬಾಲನ್ಯಾಯ ಕಾಯ್ದೆಯಡಿ ದತ್ತು ಬಯಸುವವರು ಕೇಂದ್ರ ದತ್ತು ಪ್ರಾಧಿಕಾರದ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ಆದಾಯ, ಆರೋಗ್ಯ, ಮನಸ್ಥಿತಿ ಎಲ್ಲ ವಿಚಾರಿಸಿ ವರದಿ ಬರೆಯುತ್ತಾರೆ. ಆಮೇಲೆ ಕಾಯುವ ಕಾಲ. ಆರೋಗ್ಯವಂತ ಹಸುಗೂಸು ಬೇಕೆಂದವರು ಮೂರು ವರ್ಷಕ್ಕೂ ಹೆಚ್ಚು ಕಾಯುವುದು ಈಗ ಸಾಮಾನ್ಯ. ಕೊನೆಗೆ ಒಂದು ಮಗುವಿನ ಫೋಟೊ, ವೈದ್ಯಕೀಯ ವರದಿ ಬಂದರೆ ಹೌದೋ ಅಲ್ಲವೋ ಎನ್ನಲು ಸಿಗುವುದು 48 ಗಂಟೆ. ಗಡಿನಾಡಿನವರಿಗೆ ಇದರ ಮೇಲೆ ಇನ್ನೊಂದು ತೊಡಕು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿ ಅನಂತಪುರದ ಪಾಲಾಯಿತು. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದತ್ತಿನ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬಂತು. ಹಾಗಾಗಿ ಮಡಕಶಿರಾದ ಕಡತ ಈಗ ಪುಟ್ಟಪರ್ತಿಗೆ, ರಾಯದುರ್ಗದ್ದು ಅನಂತಪುರಕ್ಕೆ. ನೆಂಟಸ್ತನಕ್ಕೆ ಮಾತ್ರ ಈ ಗೆರೆಗಳಿಲ್ಲ. ಮಡಕಶಿರಾದವರ ಬೀಗರು ಪಾವಗಡ, ಶಿರಾದಲ್ಲಿರುತ್ತಾರೆ, ರಾಯದುರ್ಗದವರದು ಬಳ್ಳಾರಿ, ಮೊಳಕಾಲ್ಮುರಿನ ಕಡೆ. ಮನೆಮಾತು ಕನ್ನಡ, ಕಚೇರಿಯ ಕಾಗದ ತೆಲುಗು ಇಲ್ಲವೇ ಇಂಗ್ಲಿಷ್. ಇಷ್ಟು ದೀರ್ಘವಾದ, ತನ್ನ ಕೈಯಲ್ಲಿ ಏನೂ ಇಲ್ಲದ ಕಾಯುವಿಕೆಯಲ್ಲಿ ಮನುಷ್ಯ ದೇವರತ್ತ ತಿರುಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ತಿರುಗಿ ಏನು ಕೇಳುತ್ತಾನೆ ಎಂಬುದೇ ಮುಖ್ಯ. ಸರತಿಯಲ್ಲಿ ನನ್ನ ಹೆಸರು ಮುಂದೆ ಬರಲಿ ಎಂದು ಕೇಳಿದರೆ, ಮತ್ತೊಬ್ಬರ ಹೆಸರು ಹಿಂದೆ ಹೋಗಲಿ ಎಂದು ಕೇಳಿದಂತೆಯೇ ಆಯಿತು. ದೇವರನ್ನು ಹೀಗೆ ಕಚೇರಿಯ ಪರಿಚಯಸ್ಥನ ಮಟ್ಟಕ್ಕೆ ಇಳಿಸುವುದನ್ನು ಆಸ್ತಿಕರೇ ಒಪ್ಪಬಾರದು. ಫಲದ ಲೆಕ್ಕದಲ್ಲಿ ನೋಡಿದರೂ ಈ ಬಗೆಯ ಪ್ರಾರ್ಥನೆಗೆ ಪುರಾವೆ ದುರ್ಬಲ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಬೇರೆಯವರು ಇವರಿಗಾಗಿ ಪ್ರಾರ್ಥಿಸಿದ್ದರಿಂದ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲೇ ತೊಡಕುಗಳು ತುಸು ಹೆಚ್ಚು, ನೂರಕ್ಕೆ 59. ಇದು ನಂಬಿಕೆಯ ಸೋಲು ಎಂದು ಕುಣಿಯಬೇಕಿಲ್ಲ. ಪ್ರಾರ್ಥನೆಯಿಂದ ಯಾವ ಕೆಲಸ ನಿರೀಕ್ಷಿಸಬಾರದೆಂದು ಇದು ತೋರಿಸುತ್ತದೆ, ಅಷ್ಟೆ. ಇನ್ನೊಂದು ಕೆಲಸಕ್ಕೆ ಪುರಾವೆ ಇದಕ್ಕಿಂತ ವಾಸಿ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ತಮಗೆ ಒದಗಿದ ಒಳಿತನ್ನು ಬರೆದಿಟ್ಟವರು ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು. ಗುಡಿಯ ಮುಂದೆ ನಿಂತು ಇದುವರೆಗೆ ಸಿಕ್ಕಿದ್ದನ್ನು ನೆನೆಯುವವಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ದತ್ತಿನ ವಿಷಯದಲ್ಲಿ ಸಮಾಧಾನವೊಂದೇ ಸಾಲದು. ಮಗು ಕೊಡು ಎಂದು ಶುರುವಾದ ಮಾತು, ಬರುವ ಮಗುವಿಗೆ ತಕ್ಕವಳಾಗಿ ನನ್ನನ್ನು ಮಾಡು ಎಂಬಲ್ಲಿಗೆ ತಿರುಗಿದರೆ ಆ ಮೂರು ವರ್ಷ ಬರಿದೇ ಹೋಗಲಿಲ್ಲ ಎನ್ನಬಹುದು. ಹಸುಗೂಸೇ ಬೇಕು, ಬೆಳ್ಳಗಿರಬೇಕು, ನಮ್ಮ ಜಾತಿಯದೇ ಆಗಿರಬೇಕು ಎಂಬ ಪಟ್ಟಿ ಹಿಡಿದು ಬಂದವರು, ಐದು ವರ್ಷದ ಮಗುವಾದರೂ ಆಗಲಿ, ಕಾಲು ಎಳೆಯುವ ಮಗುವಾದರೂ ಆಗಲಿ ಎನ್ನುವಂತಾದರೆ ಆ ಬದಲಾವಣೆ ಕಣ್ಣಿಗೆ ಕಾಣುವಂಥದ್ದು. ಬದಲಾಗದವರೂ ಇದ್ದಾರೆ. ಮನೆಗೆ ಕರೆದುಕೊಂಡು ಹೋದ ಮಗುವನ್ನು ಹೊಂದಿಕೊಳ್ಳಲಿಲ್ಲವೆಂದು ಹಿಂತಿರುಗಿಸುವುದೂ ನಡೆಯುತ್ತದೆ. 2022ರ ದತ್ತು ನಿಯಮಾವಳಿಯಲ್ಲೇ ಅದಕ್ಕೊಂದು ವಿಧಾನ ಬರೆದಿಡಬೇಕಾಗಿ ಬಂದಿದೆ.

ಈಗ ಅತ್ಯಂತ ಹರಿತವಾದ ಆಕ್ಷೇಪಣೆ. ದತ್ತಿಗೆ ಬರುವ ಮಗುವಿನ ಹಿಂದೆ ಸಾಮಾನ್ಯವಾಗಿ ಒಬ್ಬ ತಾಯಿಯ ಸೋಲಿರುತ್ತದೆ: ಸಾವು, ಬಡತನ, ಮದುವೆಯಿಲ್ಲದ ಬಸಿರಿಗೆ ಊರು ಹಾಕುವ ಶಿಕ್ಷೆ. ದೇವರು ನಮಗೆ ಈ ಮಗು ಕೊಟ್ಟ ಎಂದು ಕೈ ಮುಗಿದರೆ, ಅದೇ ದೇವರು ಅವಳಿಂದ ಕಿತ್ತುಕೊಂಡ ಎಂದೂ ಹೇಳಿದಂತೆ ಆಗಲಿಲ್ಲವೇ? ಒಬ್ಬಳ ಕಣ್ಣೀರಿಗೆ ಇನ್ನೊಬ್ಬಳು ಕೃತಜ್ಞಳಾಗುವುದು ಯಾವ ನ್ಯಾಯ? ಇದನ್ನು ವಿಧಿ, ಕರ್ಮ, ದೈವಲೀಲೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಆ ಮಾತುಗಳೆಲ್ಲ ಪಡೆದವರ ಅನುಕೂಲಕ್ಕೆ ಹುಟ್ಟಿದವು. ಈ ಆಕ್ಷೇಪಣೆಯನ್ನು ಪೂರ್ತಿ ಒಪ್ಪಿಕೊಂಡ ಮೇಲೆಯೇ ಕೃತಜ್ಞತೆಯ ಮಾತು ಆಡಬೇಕು ಎನ್ನುವುದು ನನ್ನ ಅಭಿಪ್ರಾಯ. ಕಾನೂನು ಈ ವಿಷಯದಲ್ಲಿ ಭಕ್ತಿಗಿಂತ ಸೂಕ್ಷ್ಮವಾಗಿದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಲು ಎರಡು ತಿಂಗಳ ಕಾಲಾವಕಾಶವಿದೆ, ಅದು ಮುಗಿಯುವ ತನಕ ಆ ಮಗುವನ್ನು ದತ್ತಿಗೆ ಮುಕ್ತವೆಂದು ಘೋಷಿಸುವಂತಿಲ್ಲ. ಸರತಿಯಲ್ಲಿ ನಿಂತವರ ಪ್ರಾರ್ಥನೆಯಲ್ಲಿ ಈ ಎರಡು ತಿಂಗಳಿಗೂ ಜಾಗ ಇರಬೇಕು. ಅವಳಿಗೆ ಸಾಧ್ಯವಾದರೆ ಮಗು ಅವಳ ಹತ್ತಿರವೇ ಉಳಿಯಲಿ ಎಂದು ಬಯಸಲಾರದವರ ಕೃತಜ್ಞತೆಯನ್ನು ನಾನಂತೂ ನಂಬುವುದಿಲ್ಲ. ಭಕ್ತಿ ಕಣ್ಣು ಮುಚ್ಚಿಸುವುದೂ ಇಲ್ಲಿಯೇ. ಆಸ್ಪತ್ರೆಯ ಹಿಂಬಾಗಿಲಲ್ಲಿ ದಲ್ಲಾಳಿಯ ಕೈಗೆ ಹಣ ಕೊಟ್ಟು ಕೂಸು ತಂದು, ದೇವರೇ ದಾರಿ ತೋರಿಸಿದ ಎಂದು ಮುಡಿ ಕೊಡುವವರ ನಂಬಿಕೆ ಕಡಿಮೆಯದಲ್ಲ. ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಐದು ವರ್ಷದವರೆಗೆ ಸಜೆಯಿದೆ. ದೇವರ ಹೆಸರು ಹೇಳಿದ ಮಾತ್ರಕ್ಕೆ ಅದು ಬೇರೆ ವ್ಯವಹಾರವಾಗುವುದಿಲ್ಲ.

ಬಂಧುಗಳೊಳಗಿನ ದತ್ತಿನಲ್ಲಿ ಆ ತಾಯಿ ಅಪರಿಚಿತಳಲ್ಲ, ಇದು ಇನ್ನೂ ಕಠಿಣ. ಅಣ್ಣನಿಗೆ ಮಕ್ಕಳಿಲ್ಲವೆಂದು ತಮ್ಮ ತನ್ನ ಎರಡನೆಯ ಮಗುವನ್ನು ಕೊಡುವುದು ಈ ಸೀಮೆಯಲ್ಲಿ ಹೊಸದಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದನ್ನು ಬಹಳ ಸರಳ ಮಾಡಿತು. ಮಗುವನ್ನು ನಿಜವಾಗಿ ಕೊಟ್ಟು ತೆಗೆದುಕೊಳ್ಳುವುದು ಕಡ್ಡಾಯ, ದತ್ತ ಹೋಮ ಕಡ್ಡಾಯವಲ್ಲ. ಒಮ್ಮೆ ಸಿಂಧುವಾದ ದತ್ತನ್ನು ರದ್ದುಮಾಡುವಂತಿಲ್ಲ. ಕಾಗದದ ಮೇಲೆ ಇಷ್ಟೇ. ಆದರೆ ಓರಗಿತ್ತಿಯರಿಬ್ಬರು ಪ್ರತಿ ಯುಗಾದಿಗೆ, ಪ್ರತಿ ಜಾತ್ರೆಗೆ ಒಂದೇ ಅಂಗಳದಲ್ಲಿ ಸೇರುತ್ತಾರೆ. ಹೆತ್ತವಳು ಈಗ ಚಿಕ್ಕಮ್ಮ. ಮಗು ಬಿದ್ದು ಅತ್ತಾಗ ಯಾರು ಮೊದಲು ಓಡಬೇಕು ಎಂಬ ಸಣ್ಣ ಪ್ರಶ್ನೆಗೆ ಯಾವ ಕಾಯ್ದೆಯಲ್ಲೂ ಉತ್ತರವಿಲ್ಲ. ಪಡೆದವಳು ದೇವರಿಗೆ ಮಾತ್ರ ಕೃತಜ್ಞತೆ ಹೇಳಿ ಓರಗಿತ್ತಿಗೆ ಏನೂ ಹೇಳದಿದ್ದರೆ ದೇವರು ಒಂದು ತಪ್ಪಿಸಿಕೊಳ್ಳುವ ದಾರಿಯಾದ. ನಮ್ಮ ಮನೆಗಳಲ್ಲಿ ಹೀಗೇ ಆಗುವುದು ಹೆಚ್ಚು: ಕೊಟ್ಟವಳಿಗೆ ಒಂದು ಸೀರೆ, ಆಮೇಲೆ ಆ ಮಾತೇ ಎತ್ತುವಂತಿಲ್ಲ.

ಇನ್ನು ಮಗುವಿನ ಮಾತು. ಪುಣ್ಯ ಮಾಡಿತ್ತು ಕೂಸು, ಇಂಥ ಮನೆ ಸೇರಿತು ಎನ್ನುವ ನೆರೆಹೊರೆಯವರು ಒಳ್ಳೆಯ ಮನಸ್ಸಿನವರೇ. ಅದೇ ಮಾತನ್ನು ಹತ್ತು ವರ್ಷ ಕೇಳುತ್ತ ಬೆಳೆದ ಮಗು ತಾನು ಸಾಲಗಾರನೆಂದು ಕಲಿಯುತ್ತದೆ. ಹೊಟ್ಟೆಯಲ್ಲಿ ಹುಟ್ಟಿದ ಮಗು ಹಟ ಮಾಡಿದರೆ ಹಟ, ದತ್ತು ಬಂದದ್ದು ಹಟ ಮಾಡಿದರೆ ಕೃತಘ್ನತೆ. ಸಾಕಿದವರಿಗೆ ಮಗು ಋಣಿಯಾಗಬಾರದೇ, ಕರ್ಣ ಆಗಲಿಲ್ಲವೇ ಎಂದು ಕೇಳುವವರು ಆ ಕಥೆಯನ್ನು ಇನ್ನೊಮ್ಮೆ ನೋಡಬೇಕು. ರಾಜ್ಯದ ಆಸೆ ತೋರಿಸಿದ ಕೃಷ್ಣನಿಗೆ ವ್ಯಾಸಭಾರತದ ಕರ್ಣ ಹೇಳುವುದು, ತನಗೆ ಹಾಲೂಡಿಸಿದ, ತನ್ನ ಹೇಸಿಗೆ ಬಳಿದ ರಾಧೆಯನ್ನು ಬಿಡಲಾರೆ ಎಂದು. ಆ ಮಾತು ತೂಕದ್ದಾಗಲು ಕಾರಣ, ಅದನ್ನು ರಾಧೆಯಾಗಲಿ ಅಧಿರಥನಾಗಲಿ ಕೇಳಿ ಪಡೆದದ್ದಲ್ಲ. ಬಲವಂತದಿಂದ ಬಂದಿದ್ದರೆ ಅದೇ ಮಾತು ಕೂಲಿಯವನ ನಿಷ್ಠೆಯಾಗುತ್ತಿತ್ತು.

ಇಷ್ಟೆಲ್ಲ ದೇವರಿಲ್ಲದೆಯೂ ಸಾಧ್ಯವಲ್ಲವೇ ಎಂದು ವಿಚಾರವಾದಿ ಕೇಳಿದರೆ, ಸಾಧ್ಯ ಎಂದೇ ಉತ್ತರ. 2014ರಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಯಾವ ಧರ್ಮದವರಾದರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದು ಎಂದಿತು. ಧರ್ಮವೇ ಇಲ್ಲದವರಿಗೂ ಆ ಬಾಗಿಲು ತೆರೆದಿದೆ. ಕಾನೂನು ಹೋಮವನ್ನೂ ಮತವನ್ನೂ ದತ್ತಿನಿಂದ ಹೊರಗಿಟ್ಟಿದ್ದರಿಂದ ನಷ್ಟವಾಯಿತೆಂದು ನನಗೆ ಅನ್ನಿಸುವುದಿಲ್ಲ. ಪಿಂಡಕ್ಕೆ, ಆಸ್ತಿಗೆ, ಗದ್ದುಗೆಗೆ ಮಗು ಬೇಕೆಂದು ಮಂತ್ರ ಹೇಳಿಸುತ್ತಿದ್ದ ಕಾಲಕ್ಕಿಂತ ಇಂದಿನ ಪ್ರಾರ್ಥನೆಗೆ ಸ್ವಾತಂತ್ರ್ಯ ಹೆಚ್ಚು, ಏಕೆಂದರೆ ಅದರಿಂದ ಈಗ ಯಾವ ಹಕ್ಕೂ ಹುಟ್ಟುವುದಿಲ್ಲ. ಆದರೂ ರಾಯದುರ್ಗ, ಮಡಕಶಿರಾದ ಸಾಮಾನ್ಯ ಮನೆಗಳಲ್ಲಿ ದುಃಖ, ಭಯ, ಹಂಗು ಇವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ದೇವರ ಮುಂದಿನಷ್ಟು ಜಾಗ ಬೇರೆಲ್ಲೂ ಸಿಗುವುದಿಲ್ಲ. ಆಪ್ತಸಲಹೆಗಾರರು ಇರುವುದು ದೂರದ ಜಿಲ್ಲಾ ಕೇಂದ್ರದಲ್ಲಿ, ಗುಡಿ ಇರುವುದು ಬೀದಿಯ ಕೊನೆಯಲ್ಲಿ. ಆ ಜಾಗವನ್ನು ಹೀಯಾಳಿಸುವುದರಿಂದ ಯಾರಿಗೂ ಲಾಭವಿಲ್ಲ.

ಪ್ರಾರ್ಥನೆ ಅಲ್ಲಿ ಏನು ಕಲಿಸಿತು ಎಂಬುದು ಗೊತ್ತಾಗುವುದು ಬಹಳ ತಡವಾಗಿ. ಸಂಸ್ಥೆಯ ಮೂಲಕ ದತ್ತಾದ ಮಗು ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕಬಹುದು ಎನ್ನುತ್ತದೆ ನಿಯಮಾವಳಿ. ಹೆತ್ತವಳು ಒಪ್ಪದಿದ್ದರೆ ಅವಳ ಗುರುತು ಹೊರಬರುವುದಿಲ್ಲ. ದೇವರು ಈ ಮಗುವನ್ನು ನಮಗೆಂದೇ ಕೊಟ್ಟ ಎಂದು ವರ್ಷಗಟ್ಟಲೆ ಹೇಳಿಕೊಂಡ ತಂದೆತಾಯಿಗೆ ಆ ಅರ್ಜಿ ದ್ರೋಹದಂತೆ ಕಾಣುತ್ತದೆ. ಇನ್ನೊಬ್ಬ ತಾಯಿಯನ್ನು ದೀಪ ಹಚ್ಚುವಾಗಲೆಲ್ಲ ನೆನೆದವರಿಗೆ ಅದು ನಿರೀಕ್ಷಿಸಿದ್ದೇ. ಅವರು ಮಗನ ಜೊತೆ ಅನಂತಪುರದ ಬಸ್ಸು ಹತ್ತುತ್ತಾರೆ, ಉತ್ತರ ಇಲ್ಲ ಎಂದು ಬಂದರೂ.