‘ಕಾಮನ್’ ಎಂಬುದು ಹೆಸರಲ್ಲ

ತಂತ್ರಾಂಶ ಬರೆಯುವವರಲ್ಲಿ ಒಂದು ಉದಾಸೀನದ ಮಾತು ರೂಢಿಯಾಗಿದೆ: ಕೆಲಸ ನಡೆದರೆ ಸಾಕು, ಹೆಸರು ಏನಾದರೇನು? ಈ ಮಾತನ್ನು ನಾನು ಒಪ್ಪಲಾರೆ; ಗಡಿಯಾಚೆಯ ಕನ್ನಡಿಗರಂತೂ ಒಪ್ಪಲೇಕೂಡದು.

ದೊಡ್ಡ ತಂತ್ರಾಂಶವನ್ನು ಒಂದೊಂದು ಕೆಲಸಕ್ಕೆ ಒಂದೊಂದು ಭಾಗವಾಗಿ ಬರೆಯುತ್ತಾರೆ. ಆ ಭಾಗವೇ ಮಾಡ್ಯೂಲ್. ಸೊಲ್ಲಾಪುರ ಸೀಮೆಯ ಒಂದು ವಾಚನಾಲಯಕ್ಕೆ ಪುಸ್ತಕಗಳ ಯಾದಿ ಸಿದ್ಧಪಡಿಸುವ ತಂತ್ರಾಂಶವನ್ನು ಹಿಂದೆ ನಾನೇ ಬರೆದುಕೊಟ್ಟಿದ್ದೆ. ನಮ್ಮ ಅಕಾರಾದಿ ಗಣಕಕ್ಕೆ ತಾನಾಗಿ ತಿಳಿಯದು. ಯೂನಿಕೋಡ್ ಪಟ್ಟಿಯಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ. ಯೂನಿಕೋಡಿನ ಅಂಕೆಯನ್ನೇ ನಂಬಿದರೆ ‘ಕಳಶ’ವು ‘ಕವಿತೆ’ಗಿಂತ ಮುಂದೆ ಬರುತ್ತದೆ, ನಿಘಂಟಿನಲ್ಲಿ ಅದು ‘ಕಹಿ’ಯನ್ನೂ ದಾಟಿ ಬರಬೇಕು. ಇದನ್ನು ಸರಿಪಡಿಸುವ ಮಾಡ್ಯೂಲೊಂದನ್ನು ಬರೆದು ‘ಕಾಮನ್’ ಎಂದು ಹೆಸರಿಟ್ಟೆ. ತಪ್ಪು ನನ್ನದೇ. ನನ್ನ ನಂತರ ಆ ಕೆಲಸಕ್ಕೆ ಬಂದ ತರುಣನು ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಮರಾಠಿ ಕಲಿತವನು. ಯಾದಿಯನ್ನು ಓದಿ ತಪ್ಪು ಹಿಡಿಯಲು ಅವನಿಗೆ ಕನ್ನಡ ಅಕ್ಷರ ಬಾರದು. ‘ಕಾಮನ್’ ನಿರುಪಯೋಗಿಯೆಂದು ಬಗೆದು ತೆಗೆದುಹಾಕಿ, ಗಣಕದ ಸಿದ್ಧ ವಿಂಗಡಣೆಯನ್ನೇ ಹಚ್ಚಿದ. ತಂತ್ರಾಂಶ ನಿಲ್ಲಲಿಲ್ಲ, ನಿಂತಿದ್ದರೆ ಒಳ್ಳೆಯದಿತ್ತು. ಕೆಟ್ಟ ಯಾದಿಯೇ ಅಚ್ಚಾಯಿತು. ಹೆಸರು ಸ್ಪಷ್ಟವಿದ್ದರೆ ಅವನು ಕೈಹಚ್ಚುವ ಮೊದಲು ಯಾರನ್ನಾದರೂ ಕೇಳುತ್ತಿದ್ದ.

ಅಂಕೆಯೂ ಹೆಸರಲ್ಲ. ಪೈಥಾನ್ ಭಾಷೆಯಲ್ಲಿ ಮೊದಲು ‘ಯುಆರ್‌ಎಲ್‌ಲಿಬ್’, ‘ಯುಆರ್‌ಎಲ್‌ಲಿಬ್2’ ಎಂಬ ಎರಡು ಮಾಡ್ಯೂಲುಗಳಿದ್ದವು. ಎರಡನೆಯದು ಮೊದಲನೆಯದರ ಹೊಸ ರೂಪವೆಂದು ತಿಳಿದವರು ಮೋಸಹೋದರು. ಎಷ್ಟೋ ಕೆಲಸಕ್ಕೆ ಎರಡೂ ಬೇಕಾಗುತ್ತಿದ್ದವು. 2008ರ ಪೈಥಾನ್ 3 ಅವನ್ನು ಕೂಡಿಸಿ, ‘ರಿಕ್ವೆಸ್ಟ್’, ‘ಪಾರ್ಸ್’, ‘ಎರರ್’ ಮುಂತಾಗಿ ಕೆಲಸದ ಹೆಸರಿನಿಂದಲೇ ವಿಂಗಡಿಸಿತು.

ಇನ್ನು ಕೆಲವರಿಗೆ ಒಳಗಿನ ಮಾಡ್ಯೂಲಿಗೂ ದೇವತೆಗಳ ಹೆಸರೇ ಬೇಕು. ಇಡೀ ತಂತ್ರಾಂಶಕ್ಕೆ ಮುದ್ದಿನ ಹೆಸರಿಡಲಿ, ತಕರಾರಿಲ್ಲ. ಮಾಡ್ಯೂಲಿಗೆ ಮಾತ್ರ ಹೊಲಕ್ಕಿಡುವಂತಹ ಹೆಸರು ಬೇಕು. ನಮ್ಮ ರೈತರು ಬಾವಿಯ ಹೊಲ, ಹುಣಸಿಯ ಹೊಲ ಎನ್ನುತ್ತಾರೆ. ‘ಸಾಮಾನ್ಯ ಹೊಲ’ ಎಂದವರನ್ನು ನಾನು ಕಂಡಿಲ್ಲ.

ಆ ಮಾಡ್ಯೂಲನ್ನು ಈಗ ‘ಕನ್ನಡ ಅಕ್ಷರಕ್ರಮ’ ಎಂಬ ಹೆಸರಿನಿಂದ ಮರಳಿ ಸೇರಿಸಿದ್ದೇನೆ. ಪೈಥಾನ್ 3 ಕನ್ನಡ ಲಿಪಿಯ ಹೆಸರನ್ನೂ ಒಪ್ಪುತ್ತದೆ. ಆದರೂ ರೋಮನ್ ಲಿಪಿಯಲ್ಲೇ ಬರೆದೆ. ಆ ತರುಣನಿಗೆ ಓದಲು ಬರಬೇಕಲ್ಲ.